ಸ್ಯಾಟಲೈಟಲ್ಲಿ ಕಾಣೋ ಗೆರೆ ಎಲ್ಲಾ ಫಾಲ್ಟಾ? ಕನಕಪುರ ಕಡೆ ಫೀಲ್ಡ್ ಮಾಡಿರೋರು ಸ್ವಲ್ಪ ಹೇಳಿ

ಎಂಎಸ್ಸಿ ಜಿಯಾಲಜಿ ಲಾಸ್ಟ್ ಸೆಮ್, ಬೆಂಗಳೂರು. ಹಾರೋಹಳ್ಳಿಯಿಂದ ಸಂಗಮದ ತನಕ ಫಾಲ್ಟ್ (ಕಲ್ಲು ಮುರಿದು ಸರಿದಿರೋ ಬಿರುಕು) ಮ್ಯಾಪ್ ಮಾಡ್ಬೇಕು. ಸೆಂಟಿನೆಲ್-2 ಸ್ಯಾಟಲೈಟ್ ಇಮೇಜು, ಇಸ್ರೋದ ಮ್ಯಾಪ್ ಸೈಟ್ ಭುವನ್‌ನಿಂದ ಕಾರ್ಟೊಡೆಮ್ (ನೆಲದ ಎತ್ತರದ ಡೇಟಾ) ಇಳಿಸ್ಕೊಂಡು ನೂರಕ್ಕಿಂತ ಜಾಸ್ತಿ ಗೆರೆ ಎಳ್ದಿದೀನಿ, ಗೈಡು ನೋಡಿ "ಇದ್ರಲ್ಲಿ ಫಾಲ್ಟ್ ಯಾವ್ದಮ್ಮ" ಅಂದ್ರು, ಮಾತೇ ಬರ್ಲಿಲ್ಲ. ಫೀಲ್ಡ್‌ಗೆ ಇರೋದು ಆರೇ ದಿನ. ಎಲ್ಲಿಂದ ಶುರು ಮಾಡ್ಲಿ?

ಸುತ್ತಿಗೆರಾಯ: ಮೊದ್ಲು ಮನೇಲೇ ಕೂತು ಅರ್ಧ ಗೆರೆ ಅಳ್ಸಮ್ಮ, ಪೆಟ್ರೋಲ್ ಉಳಿಯುತ್ತೆ. ಕಾಲುವೆ, ಹಳೇ ಬಂಡಿ ದಾರಿ, ನೀಲಗಿರಿ ತೋಪಿನ ಅಂಚು ಎಲ್ಲಾ 10 ಮೀಟರ್ ಪಿಕ್ಸೆಲ್‌ನಲ್ಲಿ ಫಾಲ್ಟ್ ಥರಾನೇ ಕಾಣೋದು. ನಾನೊಂದ್ಸಲ ಬಿಸಿಲಲ್ಲಿ ಲಂಟಾನ ಪೊದೆ ನುಗ್ಗಿ ಎರಡು ಕಿಲೋಮೀಟರ್ ಹೋಗಿ ನೋಡಿದ್ರೆ ಹೈಟೆನ್ಷನ್ ಲೈನ್ ಕೆಳಗೆ ಮರ ಕಡ್ದಿರೋ ಪಟ್ಟಿ ಅದು, ತಲೆ ಎತ್ತಿದ್ರೆ ಟವರ್ರು. ಆಮೇಲೆ ಹಿಲ್‌ಶೇಡ್ (ಎತ್ತರದ ಡೇಟಾಗೆ ಬೆಳಕು-ನೆರಳು ಕೊಟ್ಟ ಚಿತ್ರ) ಒಂದೇ ದಿಕ್ಕಿನ ಬೆಳಕಲ್ಲಿ ಮಾಡ್ಬೇಡ, ಸಾಮಾನ್ಯವಾಗಿ 315 ಡಿಗ್ರಿ ಅಂತ ಇಟ್ಟಿರ್ತಾರೆ, ವಾಯವ್ಯದಿಂದ ಬೆಳಕು, ಆಗ ವಾಯವ್ಯ-ಆಗ್ನೇಯ ಹೋಗೋ ಕಣಿವೆಗೆ ನೆರಳೇ ಬೀಳಲ್ಲ, ಮಾಯ. ನಾಲ್ಕು ದಿಕ್ಕಿಂದ ಮಾಡಿ ಕಡೇಪಕ್ಷ ಎರಡರಲ್ಲಿ ಕಾಣೋದನ್ನ ಇಟ್ಕೊ.

ಬಂಡೆಹುಡುಗ: ಭೂಕೋಶ್‌ನಲ್ಲಿ ಜಿಎಸ್‌ಐ (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ) ಮ್ಯಾಪ್ ಫ್ರೀ ಇದೆ. ಸಂಗಮದ ಹತ್ರ ಕಾವೇರಿ ವನ್ಯಧಾಮ, ಫಾರೆಸ್ಟ್ ಪರ್ಮಿಷನ್ ಇಲ್ದೆ ಕಾಲಿಡ್ಬೇಡಿ, ಆನೆ ಇದಾವೆ.

ಕರಿಕಲ್ಲು: ಹಾರೋಹಳ್ಳಿ ಕಡೆ ಉದ್ದುದ್ದ ಗೆರೆ ಬಹಳಷ್ಟು ಡೈಕು ಕಣಮ್ಮ, ಅಂದ್ರೆ ಬಿರುಕಲ್ಲಿ ಕರಗಿದ ಕಲ್ಲು ನುಗ್ಗಿ ಗೋಡೆ ಥರ ಗಟ್ಟಿಯಾಗಿರೋದು. ಕ್ವಾರಿಯವ್ರು ಬ್ಲ್ಯಾಕ್ ಗ್ರಾನೈಟ್ ಅಂತಾರಲ್ಲ, ಅಸಲಿಗೆ ಡೊಲರೈಟು, ಗ್ರಾನೈಟೂ ಅಲ್ಲ ಏನೂ ಅಲ್ಲ. ಆದ್ರೆ ಅದನ್ನ ಬಿಸಾಕ್ಬೇಡ, ಫಾಲ್ಟ್‌ಗೆ ಅದೇ ಸಾಕ್ಷಿ. ಡೈಕ್ ಹಿಡ್ಕೊಂಡು ನಡೀತಾ ಹೋಗು, ಇದ್ದಕ್ಕಿದ್ದಂಗೆ ನಿಂತು ಪಕ್ಕಕ್ಕೆ ಸರಿದು ಮತ್ತೆ ಶುರುವಾದ್ರೆ ಅಲ್ಲಿ ನಿಂತ್ಕೊ, ಮಧ್ಯದ ಜಾಗದಲ್ಲಿ ಪುಡಿಯಾದ ಕಲ್ಲು, ಉಜ್ಜಿದ ಗೀರು ಇದ್ರೆ ಸ್ಟ್ರೈಕ್ (ಹೋಗೋ ದಿಕ್ಕು), ಡಿಪ್ (ಎಷ್ಟು ವಾಲಿದೆ ಅನ್ನೋದು) ತಗೋ. ಏನೂ ಇಲ್ದಿದ್ರೆ ಫಾಲ್ಟ್ ಅನ್ಬೇಡ, ಕೆಲವು ಡೈಕ್ ಬರುವಾಗ್ಲೇ ಮೆಟ್ಟಿಲು ಮೆಟ್ಟಿಲಾಗಿ ಬಂದಿರುತ್ತೆ. ನನ್ನ ಥೀಸಿಸ್‌ನಲ್ಲಿ ವೈವಾ ದಿನ ಸಿಕ್ಕಾಕೊಂಡಿದ್ದು ಇಲ್ಲೇ. ಇನ್ನೊಂದು, ಡೊಲರೈಟ್ ಮೇಲೇ ಬ್ರಂಟನ್ ದಿಕ್ಸೂಚಿ ಇಟ್ರೆ ಮುಳ್ಳು ತಪ್ಪು ತೋರಿಸ್ಬೋದು, ಮೊಬೈಲು ಸುತ್ತಿಗೆನೂ ದೂರ ಇಡು.

ಕೇಳಿದವಳು: ಥ್ಯಾಂಕ್ಸ್ ಸರ್. ಗೀರು ಎಲ್ಲೂ ಸಿಗ್ಲಿಲ್ಲ ಅಂದ್ರೆ?

ಸುತ್ತಿಗೆರಾಯ: ಎಲ್ಲಾ ಕಲ್ಲೂ ಮುರಿಯಲ್ಲಮ್ಮ. ನಮ್ಮ ಕಡೆಯ ಪಟ್ಟೆ ಪಟ್ಟೆ ಬಂಡೆ, ನೈಸ್ ಅಂತಾರಲ್ಲ, ಅದು ಸುಮಾರು 300 ಕೋಟಿ ವರ್ಷದ್ದು, ಆಳದಲ್ಲಿ ಬಿಸಿಯಾಗಿದ್ದಾಗ ಚಪಾತಿ ಹಿಟ್ಟಿನಂಗೆ ಎಳ್ಕೊಂಡಿರುತ್ತೆ. ಫೆಲ್ಡ್‌ಸ್ಪಾರ್ ಖನಿಜದ ಕಾಳು ಕಣ್ಣಿನ ಆಕಾರಕ್ಕೆ ಬಂದು ಎರಡೂ ಕಡೆ ಬಾಲ ಬಿಟ್ಟಿರುತ್ತೆ, ಬಾಲ ಯಾವ ಕಡೆ ಹೊರಳಿದೆ ನೋಡಿ ಸರಿದ ದಿಕ್ಕು ಹೇಳ್ಬೋದು. ಒಂದು ಕಾಳು ನೋಡಿ ಬರೀಬೇಡ, ಹತ್ತಾದ್ರೂ ಎಣಿಸು. ಹೋಗೋ ಮುಂಚೆ ಒಂದಿನ ಲಾಲ್‌ಬಾಗ್ ಬಂಡೆ ಮೇಲೆ ವಾಕಿಂಗ್ ಅಂಕಲ್‌ಗಳ ಮಧ್ಯೆ ಕೂತು ನೈಸ್ ಪಟ್ಟೆ ಅಳೆದು ಕೈ ಪಳಗಿಸ್ಕೊ. ಸುತ್ತಿಗೆ ಮಾತ್ರ ತಗೊಂಡೋಗ್ಬೇಡ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಕೇಳಿದವಳು: ಈಗಷ್ಟೇ ಗೂಗಲ್ ಅರ್ತ್‌ನಲ್ಲಿ ಜೂಮ್ ಮಾಡ್ದೆ ಸರ್. ನನ್ನ ಮ್ಯಾಪ್‌ನಲ್ಲಿ ಎಲ್ಲಕ್ಕಿಂತ ಉದ್ದದ ಫಾಲ್ಟ್‌ಗೆ ಸಾಲಾಗಿ ಟವರ್ ನೆರಳು ಕಾಣ್ತಿದೆ 😭 ಅಳಿಸ್ತಾ ಕೂತಿದೀನಿ.