ಡಬ್ಬದ ಶಿಶು ಆಹಾರ: ಮಕ್ಕಳ ವೈದ್ಯೆಗೆ ಪ್ರಶ್ನೆಗಳು

ತಾಯಿ, ತುಮಕೂರು: ನಮಸ್ಕಾರ ಮೇಡಂ. ಒಂಬತ್ತು ತಿಂಗಳ ನನ್ನ ಮಗ ಡಬ್ಬದ ಸೀರಿಯಲ್ ಬಿಟ್ಟು ಏನನ್ನೂ ತಿನ್ನುವುದಿಲ್ಲ. ರಾಗಿ ಸರಿ ಕೊಟ್ಟರೆ ಉಗುಳುತ್ತಾನೆ. ಈಚೆಗೆ ಬಿಳಿಚಿಕೊಂಡಿದ್ದಾನೆ. ಸಕ್ಕರೆ ಸೇರಿಸಿಲ್ಲವೆಂದು ಡಬ್ಬದ ಮೇಲಿದೆ. ಆದರೂ ನಿಲ್ಲಿಸಿಬಿಡಲೇ?

ವೈದ್ಯೆ: ದಯವಿಟ್ಟು ಒಮ್ಮೆಲೇ ನಿಲ್ಲಿಸಬೇಡಿ. ಸಕ್ಕರೆ ಹಾಕದಿದ್ದರೂ ಅಂಥ ಪುಡಿ ಸಿಹಿಯಾಗಿರಬಹುದು, ಏಕೆಂದರೆ ಹಿಟ್ಟನ್ನು ಬೇಯಿಸಿ ಬಿಸಿ ಉರುಳೆಗಳ ಮೇಲೆ ಒಣಗಿಸುವ ಮೊದಲು ಹಲವು ಕಾರ್ಖಾನೆಗಳಲ್ಲಿ ಅಮೈಲೇಸ್ ಎಂಬ ಕಿಣ್ವದಿಂದ ಪಿಷ್ಟವನ್ನು ಒಡೆಯುತ್ತಾರೆ, ಆಗ ಅದರ ಒಂದು ಪಾಲು ಮಾಲ್ಟೋಸ್‌ನಂಥ ಸಕ್ಕರೆಯಾಗುತ್ತದೆ. ಮಗುವಿನ ನಾಲಿಗೆ ಆ ರುಚಿಗೆ ಒಗ್ಗಿರಬಹುದು. ಆದರೆ ನನಗೆ ಹೆಚ್ಚು ಚಿಂತೆಯಾಗಿರುವುದು ಮಗು ಬಿಳಿಚಿಕೊಂಡಿರುವುದು, ಕಬ್ಬಿಣ ಸಾಲದೆ ರಕ್ತ ಕಡಿಮೆಯಾಗಿರಬಹುದು. ಹುಟ್ಟುವಾಗ ತಂದ ಕಬ್ಬಿಣದ ಸಂಗ್ರಹ ಆರು ತಿಂಗಳ ಹೊತ್ತಿಗೆ ಬರಿದಾಗುತ್ತಾ ಬರುತ್ತದೆ, ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ. ಡಬ್ಬದ ಆಹಾರಕ್ಕೆ ಅದನ್ನು ಸೇರಿಸಿರುತ್ತಾರೆ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿದ್ದರೂ ಅದರಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ, ಮೊಳಕೆ ಕಟ್ಟಿಸಿದರೆ ಆ ಫೈಟೇಟ್ ಸ್ವಲ್ಪ ತಗ್ಗುತ್ತದೆ. ಈ ವಾರವೇ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ದಿನಕ್ಕೊಂದು ಹೊತ್ತಿನ ಡಬ್ಬದ ಬದಲು ಮೊಳಕೆ ರಾಗಿ ಸರಿ, ಬೇಳೆಯನ್ನ, ತಿನ್ನುವ ಮನೆಯಾದರೆ ಮೊಟ್ಟೆ, ಮಾಂಸ ಕೊಡಿ. ಹಸುವಿನ ಹಾಲು ಕೊಡುತ್ತಿದ್ದೀರಾ?

ಸದಸ್ಯ, ಹಾಸನ: ಡಬ್ಬದ ಮೇಲೆ ಸೇರ್ಪಡೆ ಪದಾರ್ಥದ ಸಂಖ್ಯೆಯಾಗಿ ಬರೆದಿರುವ ಐಎನ್‌ಎಸ್ 322 ಎಂದರೆ ಪ್ರಾಣಿ ಕೊಬ್ಬಂತೆ, ಸಂದೇಶ ಬಂದಿದೆ.

ವೈದ್ಯೆ: ಅದು ಎಣ್ಣೆ, ನೀರು ಬೆರೆಯುವಂತೆ ಮಾಡುವ ಲೆಸಿಥಿನ್, ಸಾಮಾನ್ಯವಾಗಿ ಸೋಯಾದ್ದು.

ಸದಸ್ಯೆ, ಮೈಸೂರು: 2024ರಲ್ಲಿ ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಸಂಸ್ಥೆ, ಭಾರತದ ಸೆರೆಲ್ಯಾಕ್‌ನಲ್ಲಿ ಒಂದು ಸಲದ ಊಟಕ್ಕೆ ಸರಾಸರಿ 3 ಗ್ರಾಂನಷ್ಟು ಸಕ್ಕರೆ ಸೇರಿಸಿರುತ್ತಾರೆ, ಸ್ವಿಟ್ಜರ್ಲೆಂಡಿನಲ್ಲಿ ಸೇರಿಸುವುದಿಲ್ಲ ಎಂದು ಬಯಲಿಗೆಳೆಯಿತು. ಅದನ್ನು ಓದಿಯೂ ಡಬ್ಬ ಕೊಡುವವರಿಗೆ ಏನು ಹೇಳುವುದು?

ಸದಸ್ಯೆ, ಬೆಂಗಳೂರು: ರಾತ್ರಿ ಪಾಳಿ ಮುಗಿಸಿ ಬಂದು ರಾಗಿ ನೆನೆಸಿ, ಮೊಳಕೆ ಕಟ್ಟಿಸಿ, ಒಣಗಿಸಿ ಬೀಸುವುದು ಯಾರು? ನೀವು ಬರುತ್ತೀರಾ?

ಸದಸ್ಯೆ, ಮೈಸೂರು: ಹೆತ್ತವರಿಗೆ ಅಷ್ಟು ಸಮಯವಿರಬೇಕು.

ಸದಸ್ಯೆ, ಬೆಂಗಳೂರು: ಈ ಮಾತನ್ನು ಗಂಡಸರಿಗೂ ಹೇಳಿ ನೋಡೋಣ.

ತಂದೆ, ಹುಬ್ಬಳ್ಳಿ: ವೆನಿಲ್ಲಾ ಪರಿಮಳ ಸೇರಿಸಿದ್ದು ಕೊಡಬಹುದೇ ಮೇಡಂ?

ಸದಸ್ಯ, ಮಂಡ್ಯ: ಸಕ್ಕರೆಯ ಬದಲು ಜೇನು ನೆಕ್ಕಿಸಿದರೆ ರಕ್ತ ಹೆಚ್ಚುತ್ತದೆಂದು ಫಾರ್ವರ್ಡ್ ಬಂದಿದೆ, ಎಲ್ಲರೂ ನೋಡಿ.

ವೈದ್ಯೆ: ಅದನ್ನು ಈಗಲೇ ಅಳಿಸಿ. ಒಂದು ವರ್ಷ ತುಂಬದ ಮಗುವಿಗೆ ಜೇನನ್ನು ಬೆರಳ ತುದಿಯಷ್ಟೂ ಕೊಡಬಾರದು. ಅದರಲ್ಲಿರಬಹುದಾದ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕರುಳಿನಲ್ಲಿ ಬೆಳೆದು ವಿಷ ಕಾರಿದರೆ ಸ್ನಾಯುಗಳು ಸೋತು, ಉಸಿರೇ ನಿಲ್ಲಬಹುದು. ಬೆಲ್ಲವೂ ಸಕ್ಕರೆಯೇ.

ಸದಸ್ಯೆ, ಕೋಲಾರ: 322 ಕೊಬ್ಬೇ ಮೇಡಂ?

ವೈದ್ಯೆ: ಮೇಲೆ ಓದಿ.

ತಾಯಿ, ತುಮಕೂರು: ಎದೆಹಾಲು ಸಾಲದೆಂದು ದಿನಕ್ಕೆ ಮೂರು ಲೋಟ ಹಸುವಿನ ಹಾಲು ಕೊಡುತ್ತಿದ್ದೇನೆ.

ವೈದ್ಯೆ: ಅದನ್ನು ಇಂದೇ ನಿಲ್ಲಿಸಿ. ಅದರಲ್ಲಿ ಕಬ್ಬಿಣ ತೀರಾ ಕಡಿಮೆ, ಮೇಲಾಗಿ ಈ ವಯಸ್ಸಿನಲ್ಲಿ ಅದು ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತವನ್ನೂ ಸೋರಿಸಬಹುದು. ಎದೆಹಾಲು ಮುಂದುವರಿಸಿ, ಸಾಲದಿದ್ದರೆ ಏನು ಕೊಡಬೇಕೆಂದು ನಿಮ್ಮ ವೈದ್ಯರನ್ನು ಕೇಳಿ. ವಾರ ಕಾಯಬೇಡಿ, ನಾಳೆಯೇ ರಕ್ತ ಪರೀಕ್ಷೆ ಮಾಡಿಸಿ.