ಲಾನಿ ಥಾಂಪ್ಸನ್ ಪೆರುವಿಗೇ ಯಾಕೆ ಹೋದರು?

ಪ್ರಶ್ನೆ: ನಾನು ಭೂವಿಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿನಿ. ಹಳೆಯ ಹವಾಮಾನ ತಿಳಿಯಲು ಹಿಮ ಕೊರೆಯುವ ಬೇರೆಯವರು ಧ್ರುವಗಳ ಕಡೆ ಹೋಗುವಾಗ, ಅಮೆರಿಕದ ಹಿಮವಿಜ್ಞಾನಿ ಥಾಂಪ್ಸನ್ ಪೆರುವಿನ ಕೆಲ್ಕಾಯಾ ಹಿಮಟೋಪಿಯನ್ನೇ (ಬೆಟ್ಟದ ನೆತ್ತಿ ಮುಚ್ಚಿದ ಹಿಮರಾಶಿ) ಯಾಕೆ ಆರಿಸಿಕೊಂಡರು?

ಉತ್ತರ: ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಆಗಾಗ ಬಿಸಿಯೇರಿ ಹವಾಮಾನ ಏರುಪೇರಾಗುವುದು) ಹುಟ್ಟುವುದು ಉಷ್ಣವಲಯದಲ್ಲಿ. ಅದರ ಹಳೆಯ ಕಥೆ ಬೇಕೆಂದರೆ ಅಲ್ಲಿನ ಹಿಮವನ್ನೇ ಕೊರೆಯಬೇಕು, ಅಲ್ವಾ? 1974ರಲ್ಲಿ ಮೊದಲು ಹೋದರು. ಸುಮಾರು 5,670 ಮೀಟರ್ ಎತ್ತರ. ಗಾಳಿ ತೆಳು, ಭಾರದ ಡ್ರಿಲ್ ಹೊತ್ತು ಹೆಲಿಕಾಪ್ಟರ್ ಏರಲಿಲ್ಲ. 1983ರಲ್ಲಿ ಸೌರಶಕ್ತಿಯ ಡ್ರಿಲ್ ಒಯ್ದು ತಳದ ಬಂಡೆಯವರೆಗೆ ಕೊರೆದರು. ಸುಮಾರು 1,500 ವರ್ಷಗಳ ಹವಾಮಾನದ ದಾಖಲೆ ಸಿಕ್ಕಿತು. ಎಂಥ ಹಠ!

ಇನ್ನೊಂದು ಉತ್ತರ: ನನ್ನನ್ನು ಜಾಸ್ತಿ ಕಾಡುವುದು ಅಲ್ಲಿನ ಗಿಡಗಳು. ಅಂಚಿನ ಹಿಮ ಕರಗಿದಾಗ ಸುಮಾರು 5,000 ವರ್ಷ ಹಳೆಯವು ಹೊರಬಂದವು. ಇಷ್ಟು ಕಾಲ ಮುಚ್ಚಿದ್ದ ಹಿಮ ಈಗ ಹೋಗುತ್ತಿದೆ.

ಪ್ರಶ್ನೆ ಕೇಳಿದವರು: ಧನ್ಯವಾದ. ಈಗಲೂ ಬೆಟ್ಟ ಹತ್ತುತ್ತಾರಾ?

ಉತ್ತರ: 2012ರಲ್ಲಿ ಹೃದಯ ಕಸಿ ಆಯಿತು. 2015ರಲ್ಲಿ ಟಿಬೆಟ್ ಪ್ರಸ್ಥಭೂಮಿಯ ಗುಲಿಯಾ ಹಿಮಟೋಪಿಯಲ್ಲಿ ಮತ್ತೆ ಕೊರೆಯುತ್ತಿದ್ದರು!