ನಾಲ್ಕು ವರ್ಷದವಳಿಗೂ ಒಂಬತ್ತು ವರ್ಷದವನಿಗೂ ಒಂದೇ ಟಿವಿ: ಯಾವ ಕಾರ್ಟೂನ್ ಹಾಕೋದು?

ಮಂಡ್ಯದಿಂದ ಒಬ್ಬ ತಾಯಿ ಕೇಳಿದ್ದು

ಮಗನಿಗೆ ಒಂಬತ್ತು ವರ್ಷ, ಮಗಳಿಗೆ ನಾಲ್ಕು. ಮನೆಯಲ್ಲಿರೋದು ಒಂದೇ ಟಿವಿ. ಸಂಜೆ ಸ್ಕೂಲಿಂದ ಬಂದ ತಕ್ಷಣ ರಿಮೋಟಿಗೆ ಜಗಳ ಶುರು. ಕೊನೆಗೆ ಅಣ್ಣ ಹಾಕಿದ್ದನ್ನೇ ತಂಗಿಯೂ ನೋಡುತ್ತಾಳೆ. ಈಗ ಶಿಂಚಾನ್ ಥರ ಅಜ್ಜಿಗೆ ಎದುರುತ್ತರ ಕೊಡುತ್ತಾಳೆ, ಅದೂ ಹಿಂದಿಯಲ್ಲಿ. ಅಜ್ಜಿಗೆ ಅರ್ಥವಾಗಲ್ಲ, ನಗುತ್ತಾರೆ. ನನಗೆ ಬೇಜಾರು. ಯಾವ ವಯಸ್ಸಿಗೆ ಯಾವುದು ಸರಿ? ಕನ್ನಡದಲ್ಲಿ ಏನಾದರೂ ಸಿಗುತ್ತಾ? ಮುಂದೆ ಬರೋದರಲ್ಲಿ ಒಳ್ಳೇದು ಯಾವುದಿದೆ? ಮಕ್ಕಳಿರುವವರು, ಕಾರ್ಟೂನ್ ಹುಚ್ಚಿರುವವರು ದಯವಿಟ್ಟು ಹೇಳಿ.

ಕುವೆಂಪುನಗರ, ಮೈಸೂರಿನಿಂದ

ತಂಗೀ, ನಮ್ಮ ಮನೆಯಲ್ಲೂ ಇದೇ ಜಗಳ ನಡೆದಿದೆ. ನಾನಂತೂ ಈಗಲೂ ಕಾರ್ಟೂನ್ ನೋಡುತ್ತೇನೆ, ಮಕ್ಕಳು ಮನೆಯಲ್ಲಿಲ್ಲದಾಗಲೂ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಚಿತ್ರ ಓಡಾಡಿದರೆ ಸಾಕು, ಅದು ಮಕ್ಕಳದ್ದೇ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಹಾಗಲ್ಲ. ಪ್ರತಿ ಕಾರ್ಟೂನನ್ನೂ ಇಂಥ ವಯಸ್ಸಿನವರಿಗೆ ಅಂತ ಮನಸ್ಸಿನಲ್ಲಿಟ್ಟುಕೊಂಡೇ ಮಾಡಿರುತ್ತಾರೆ. ಯಾರಿಗೆ ಮಾಡಿದ್ದು ಅಂತ ತಿಳಿದುಕೊಂಡರೆ ನಿಮ್ಮ ಅರ್ಧ ತಲೆನೋವು ಇಳಿಯುತ್ತದೆ.

ಶಿಂಚಾನನ್ನೇ ತಗೊಳ್ಳಿ. ಯೊಶಿತೊ ಉಸುಯಿ 1990ರಲ್ಲಿ ಅದನ್ನು ಬರೆಯೋಕೆ ಶುರು ಮಾಡಿದ್ದು ಜಪಾನಿನ ದೊಡ್ಡವರ ಕಾಮಿಕ್ಸ್ ವಾರಪತ್ರಿಕೆಯಲ್ಲಿ. ಮನೆ ಸಾಲದ ಕಂತು, ಆಫೀಸಿನಿಂದ ಸುಸ್ತಾಗಿ ಬರುವ ಅಪ್ಪ, ರಿಯಾಯಿತಿ ಮಾರಾಟಕ್ಕೆ ಓಡುವ ಅಮ್ಮ. ಇವೆಲ್ಲ ನಮ್ಮಂಥವರು ನೋಡಿ ನಗುವ ವಿಷಯ. ಐದು ವರ್ಷದ ಹುಡುಗನ ಬಾಯಲ್ಲಿ ದೊಡ್ಡವರ ಮಾತು ಬರುವುದೇ ಅಲ್ಲಿನ ತಮಾಷೆ. ನಾಲ್ಕು ವರ್ಷದ ಮಗುವಿಗೆ ಆ ತಮಾಷೆ ಸಿಗಲ್ಲ, ಎದುರುತ್ತರ ಮಾತ್ರ ಸಿಗುತ್ತದೆ. ನಮ್ಮ ದೇಶದಲ್ಲಿ 2008ರಲ್ಲಿ ಇದರ ಪ್ರಸಾರ ನಿಲ್ಲಿಸಿದ್ದರು. ಮುಂದಿನ ವರ್ಷ ಒಂದಿಷ್ಟು ಕತ್ತರಿ ಹಾಕಿಸಿಕೊಂಡು ವಾಪಸ್ ಬಂತು. ನಿಮ್ಮ ಮಗಳದ್ದು ತಪ್ಪೇನೂ ಇಲ್ಲ. ಅವಳಿಗಲ್ಲದ್ದನ್ನು ಅವಳು ನೋಡುತ್ತಿದ್ದಾಳೆ, ಅಷ್ಟೇ.

ಟಾಮ್ ಅಂಡ್ ಜೆರ್ರಿಯೂ ಹಾಗೇ. 1940ರಲ್ಲಿ ಅದು ಹುಟ್ಟಿದ್ದು ಚಿತ್ರಮಂದಿರಕ್ಕೆ. ದೊಡ್ಡ ಸಿನಿಮಾ ಶುರುವಾಗುವ ಮುಂಚೆ ಎಲ್ಲ ವಯಸ್ಸಿನವರೂ ಒಟ್ಟಿಗೆ ಕೂತು ನೋಡುತ್ತಿದ್ದರು. ಅದಕ್ಕೇ ನಮ್ಮ ಮಾವ ಕೂಡ ಅದನ್ನು ಬಿಟ್ಟು ಏಳುವುದಿಲ್ಲ.

ಇನ್ನೊಂದು ವಿಷಯ, ವೇಗ. 2011ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು ನಾಲ್ಕು ವರ್ಷದ 60 ಮಕ್ಕಳನ್ನು ಕೂರಿಸಿ ಒಂದು ಪರೀಕ್ಷೆ ಮಾಡಿದರು. ಕೆಲವರಿಗೆ ಒಂಬತ್ತು ನಿಮಿಷ ಸ್ಪಾಂಜ್‌ಬಾಬ್ ಹಾಕಿದರು, ಕೆಲವರಿಗೆ ನಿಧಾನವಾಗಿ ಸಾಗುವ ಒಂದು ಕಾರ್ಟೂನ್ ಹಾಕಿದರು, ಉಳಿದವರಿಗೆ ಕ್ರೇಯಾನ್ ಕೊಟ್ಟು ಚಿತ್ರ ಬರೆಯಲು ಬಿಟ್ಟರು. ಆಮೇಲೆ ಗಮನ ಇಡುವ, ತಾಳ್ಮೆಯಿಂದ ಕಾಯುವ ಆಟ ಆಡಿಸಿದಾಗ ಸ್ಪಾಂಜ್‌ಬಾಬ್ ನೋಡಿದವರು ಹಿಂದೆ ಬಿದ್ದರು. ಆಗ ಸ್ಪಾಂಜ್‌ಬಾಬ್ ವಾಹಿನಿಯವರು ಕೊಟ್ಟ ಉತ್ತರ ಏನು ಗೊತ್ತಾ? ಇದು 6ರಿಂದ 11 ವರ್ಷದವರಿಗೆ ಮಾಡಿದ್ದು, ನಾಲ್ಕು ವರ್ಷದವರಿಗಲ್ಲ ಅಂತ. ಆ ಪರೀಕ್ಷೆ ಚಿಕ್ಕದು, ಅದೊಂದರಿಂದಲೇ ಹೆದರಬೇಕಾಗಿಲ್ಲ. ಆದರೆ ವಾಹಿನಿಯವರ ಆ ಉತ್ತರವನ್ನು ನಾವು ನೆನಪಿಟ್ಟುಕೊಳ್ಳಬೇಕು. ನಿಮ್ಮ ಮಗ ಧಾರಾಳವಾಗಿ ನೋಡಲಿ, ಮಗಳಿಗೆ ಇನ್ನೊಂದೆರಡು ವರ್ಷ ಆಗಲಿ.

ಇಬ್ಬರಿಗೂ ಒಟ್ಟಿಗೆ ಹಾಕಬಹುದಾದ್ದು ಬೇಕು ಅಂದರೆ ನಾನು ಮೊದಲು ಹೇಳೋದು ಬ್ಲೂಯಿ. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಮಾಡಿದ್ದು, 2018ರಲ್ಲಿ ಶುರುವಾಯಿತು. ಒಂದು ಕಂತು ಏಳು ನಿಮಿಷ. ಬ್ಲೂಯಿ ಅನ್ನೋ ಆರು ವರ್ಷದ ನಾಯಿಮರಿ, ಅವಳ ತಂಗಿ ಬಿಂಗೊಗೆ ನಾಲ್ಕು, ಜೊತೆಗೆ ಅಪ್ಪ ಅಮ್ಮ. ಕಥೆ ಅಂದರೆ ಮನೆಯಾಟ ಅಷ್ಟೇ. ಒಂದು ಕಂತಿನಲ್ಲಿ ಬಲೂನು ನೆಲಕ್ಕೆ ಬೀಳದ ಹಾಗೆ ಹೊಡೀತಾ ಇರಬೇಕು. ಅದನ್ನು ನೋಡಿದ್ದೇ ತಡ, ನಮ್ಮ ಮನೆಯಲ್ಲಿ ಹುಟ್ಟುಹಬ್ಬಕ್ಕೆ ಕಟ್ಟಿ ಉಳಿದಿದ್ದ ಬಲೂನು ತಂದು ಹಾಲ್‌ನಲ್ಲಿ ಶುರು ಮಾಡಿದರು. ಸೋಫಾ ಮೇಲೆ ಒಬ್ಬ, ದೀವಾನದ ಮೇಲೆ ಒಬ್ಬಳು. ಫ್ಯಾನ್ ಆಫ್ ಮಾಡಿ ಅಂತ ಕೂಗು. ಅಡುಗೆಮನೆಯಿಂದ ನಾನು ಸೌಟು ಹಿಡಿದುಕೊಂಡೇ ಬಂದು ಒಂದು ಏಟು ಹೊಡೆದು ಹೋದೆ. ಟಿವಿ ತಾನಾಗೇ ಮರೆತುಹೋಯಿತು. ನೋಡಿ ಮುಗಿಸಿದ ಮೇಲೆ ಮಕ್ಕಳು ಎದ್ದು ಆಡುತ್ತಾರಾ, ಇಲ್ಲ ಇನ್ನೊಂದು ಕಂತು ಬೇಕು ಅಂತ ಅಳುತ್ತಾರಾ? ಒಂದು ಕಾರ್ಟೂನ್ ನಮ್ಮ ಮನೆಗೆ ಆಗಿಬರುತ್ತದಾ ಅಂತ ನಾನು ನೋಡೋದು ಹೀಗೆ.

ಬ್ಲೂಯಿ ಇಂಗ್ಲಿಷ್ ಅಂತ ಹಿಂಜರಿಯಬೇಡಿ. ಪಕ್ಕದಲ್ಲಿ ಕೂತು ನಾಲ್ಕು ಮಾತು ಕನ್ನಡದಲ್ಲಿ ಹೇಳಿದರೆ ಸಾಕು.

ನಾಗಮಂಗಲದ ಕಡೆಯಿಂದ ಒಬ್ಬ ಅಜ್ಜ

ನೋಡವ್ವ, ನಾನು ಮೊಮ್ಮಕ್ಕಳ ಜೊತೆ ಕೂತು ನೋಡೋನು. ನನಗೆ ಹೆಸರೆಲ್ಲ ನೆನಪಿರೋದಿಲ್ಲ, ಒಂದೆರಡು ಮಾತ್ರ ಹೇಳುತ್ತೇನೆ.

ಚಿಕ್ಕವಳಿಗೆ ಆ ಅಂಬೆಗಾಲಿಡುವ ಭೀಮನದ್ದು ಹಾಕು. ಮೈಟಿ ಲಿಟಲ್ ಭೀಮ್ ಅಂತ, ನೆಟ್‌ಫ್ಲಿಕ್ಸಿನಲ್ಲಿ 2019ರಲ್ಲಿ ಬಂದಿದ್ದು. ಛೋಟಾ ಭೀಮ್ ಮಾಡಿದ ಹೈದರಾಬಾದಿನವರೇ ಮಾಡಿದ್ದು. ಅದರಲ್ಲಿ ಮಾತೇ ಇಲ್ಲ. ಮಾತಿಲ್ಲದ್ದರಿಂದ ಕಥೆ ಹೇಳುವ ಕೆಲಸ ನಮಗೆ ಬರುತ್ತದೆ. ನಾನು ಹೇಳುತ್ತೇನೆ, ಮೊಮ್ಮಗಳು ತಿದ್ದುತ್ತಾಳೆ. "ಅಲ್ಲ ತಾತ, ಅವನು ಲಾಡು ಕದೀತಿಲ್ಲ, ಅಮ್ಮನಿಗೆ ಕೊಡೋಕೆ ತಗೋತಿದ್ದಾನೆ" ಅಂತಾಳೆ. ಎಲ್ಲ ನಮ್ಮ ಕನ್ನಡದಲ್ಲೇ ನಡೆಯುತ್ತದೆ. ನಿಮ್ಮತ್ತೆಯನ್ನೂ ಜೊತೆಗೆ ಕೂರಿಸು.

ನಮ್ಮ ಕಡೆ ತೊಗಲು ಗೊಂಬೆಯಾಟ ರಾತ್ರಿಯೆಲ್ಲಾ ನಡೆಯುತ್ತಿತ್ತು. ರಾಮಾಯಣದ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಪೋಲಿ ಮಾತು ಆಡುತ್ತಿದ್ದರು. ದೊಡ್ಡವರು ಬಿದ್ದು ಬಿದ್ದು ನಗುತ್ತಿದ್ದರು. ಮಕ್ಕಳಿಗೆ ಹನುಮಂತನ ಬಾಲ ಕಂಡರೆ ಸಾಕಾಗಿತ್ತು. ದೊಡ್ಡವರಿಗೊಂದು ಸಣ್ಣವರಿಗೊಂದು ಒಂದೇ ಪರದೆಯಲ್ಲಿ ಇತ್ತು, ಆದರೆ ಮಗು ಯಾರದೋ ತೊಡೆ ಮೇಲೆ ಇರುತ್ತಿತ್ತು. ಈಗ ಮಗುವನ್ನು ಒಂದನ್ನೇ ಕೂರಿಸಿ ನಾವು ಒಳಗೆ ಹೋಗುತ್ತೇವೆ. ಅದು ನನಗೆ ಸರಿ ಕಾಣಲ್ಲ.

ಅಶೋಕನಗರ, ಮಂಡ್ಯದಿಂದ

ಕನ್ನಡದ್ದು ಕೇಳಿದ್ದಿರಿ ಅಲ್ವಾ. ಸನ್ ಬಳಗದ ಚಿಂಟು ಟಿವಿ 2009ರಿಂದ ಕನ್ನಡದಲ್ಲೇ ಇದೆ. 2021ರಲ್ಲಿ ಶುರುವಾದ ಈಟಿವಿ ಬಾಲಭಾರತ್ ಕೂಡ ಹಲವು ಭಾಷೆಗಳ ಜೊತೆ ಕನ್ನಡದಲ್ಲಿ ಬರುತ್ತದೆ. ಪ್ಯಾಕೇಜಿನಲ್ಲಿ ಇಲ್ಲ ಅಂದರೆ ಕೇಬಲ್‌ನವರಿಗೆ ಬಿಡಿಯಾಗಿ ಕೇಳಿ. ಜೊತೆಗೆ ಸೆಟ್‌ಟಾಪ್ ಬಾಕ್ಸ್ ರಿಮೋಟಿನಲ್ಲಿ ಭಾಷೆ ಬದಲಿಸುವ ಗುಂಡಿ ಇರುತ್ತದೆ, ಒತ್ತಿ ನೋಡಿ. ಎಷ್ಟೋ ಮನೆಗಳಲ್ಲಿ ಅದನ್ನು ಮುಟ್ಟೇ ಇರಲ್ಲ, ಹಿಂದಿಯಲ್ಲೇ ಸುಮ್ನೆ ಓಡ್ತಾ ಇರುತ್ತದೆ.

ಇನ್ನೊಂದು, ಊಟದ ಹೊತ್ತಿಗೆ ಮಾತ್ರ ಟಿವಿ ಹಾಕಬೇಡಿ. ಹಾಕಿದರೇನೇ ಬಾಯಿ ತೆಗೆಯೋದು ಅನ್ನೋ ಅಭ್ಯಾಸ ಆದರೆ ಬಿಡಿಸೋದು ಬಹಳ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರೋ ಪ್ರಕಾರ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಕೂತು ನೋಡೋದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಆ ಒಂದು ಗಂಟೆಯನ್ನು ಊಟಕ್ಕೆ ಕಳೆದುಬಿಟ್ಟರೆ ಜೊತೆಗೆ ಕೂತು ನೋಡೋ ಸಮಯ ಎಲ್ಲಿ ಉಳಿಯಿತು?

ಸರಸ್ವತಿಪುರಂ, ಮೈಸೂರಿನಿಂದ ಒಬ್ಬ ವಿದ್ಯಾರ್ಥಿ

ಅಕ್ಕ, ನಿಮ್ಮ ಮಗನ ಪರವಾಗಿ ನಾನು ಮಾತಾಡುತ್ತೇನೆ. ಒಂಬತ್ತು ವರ್ಷಕ್ಕೆ ತಂಗಿಯ ಕಾರ್ಟೂನನ್ನೇ ನೋಡು ಅಂದರೆ ಅವನಿಗೆ ಅನ್ಯಾಯ. ಅವನಿಗೆ ಉದ್ದದ ಕಥೆ ಬೇಕಾಗುವ ವಯಸ್ಸು ಅದು. ಅವತಾರ್: ದಿ ಲಾಸ್ಟ್ ಏರ್‌ಬೆಂಡರ್ ಹಾಕಿಕೊಡಿ. 2005ರಿಂದ 2008ರವರೆಗೆ ಬಂದ 61 ಕಂತು, ಒಂದೇ ಕಥೆ, ಮೊದಲಿಂದ ಕೊನೆವರೆಗೆ. ಯುದ್ಧ ಇದೆ, ಆದರೆ ಯುದ್ಧ ಯಾಕೆ ಕೆಟ್ಟದ್ದು ಅನ್ನೋದೂ ಇದೆ. ನನ್ನ ಪ್ರಕಾರ ಮಕ್ಕಳಿಗೆ ಅಂತ ಮಾಡಿದ ಟಿವಿ ಕಥೆಗಳಲ್ಲಿ ಇದಕ್ಕಿಂತ ಚೆನ್ನಾಗಿರೋದು ಇಲ್ಲ.

ಒಂದು ಸುಳಿವು ಕೊಡುತ್ತೇನೆ. ಮುಖ್ಯ ಪಾತ್ರದ ವಯಸ್ಸು ನೋಡಿ. ಮಕ್ಕಳು ತಮಗಿಂತ ಸ್ವಲ್ಪ ದೊಡ್ಡ ಪಾತ್ರವನ್ನು ಇಷ್ಟಪಡುತ್ತಾರೆ. ಈ ಕಥೆಯ ನಾಯಕ ಆಂಗ್‌ಗೆ ಹನ್ನೆರಡು. ಮುಂದಿನ ಭಾಗದ ನಾಯಕಿ ಕೋರಾಗೆ ಹದಿನೇಳು, ಆ ಕಥೆಯ ಭಾರವೂ ಜಾಸ್ತಿ. ಅದನ್ನು ನಡುವೆಯೇ, 2014ರಲ್ಲಿ, ಟಿವಿಯಿಂದ ತೆಗೆದು ಇಂಟರ್ನೆಟ್ಟಿಗೆ ಕಳಿಸಿದರು. ಹೈಸ್ಕೂಲಿಗೆ ಬಂದ ಮೇಲೆ ಅವನು ಅದನ್ನು ನೋಡಲಿ.

ಮುಂದೆ ಬರೋದರಲ್ಲಿ ನಾನು ಕಾಯುತ್ತಿರೋದು ಇದರದೇ ಹೊಸ ಕಥೆಗೆ. ಅವತಾರ್: ಸೆವೆನ್ ಹೇವನ್ಸ್, 26 ಕಂತು ಅಂತ 2025ರಲ್ಲಿ ಪ್ರಕಟಿಸಿದ್ದಾರೆ. ಕೋರಾ ನಂತರದ ಕಾಲ, ಮಣ್ಣು, ಕಲ್ಲನ್ನು ಬೇಕಾದ ಹಾಗೆ ಆಡಿಸುವ ಶಕ್ತಿ ಇರುವ ಹುಡುಗಿ ನಾಯಕಿ. ನಮ್ಮ ಗೆಳೆಯರಲ್ಲಿ ಇದಕ್ಕೇ ದೊಡ್ಡ ವಾದ. ಹಳೆಯದು ನೋಡಿ ಬೆಳೆದವರಿಗೆಲ್ಲ ಈಗ ಇಪ್ಪತ್ತು ದಾಟಿದೆ, ಹೊಸದು ನಮ್ಮ ವಯಸ್ಸಿಗೆ ತಕ್ಕ ಹಾಗೆ ಗಂಭೀರವಾಗಿ ಇರಲಿ ಅಂತ ಒಬ್ಬರು. ನಾವು ಒಂಬತ್ತಕ್ಕೆ ನೋಡಿದ್ದೆವು, ಈಗಿನ ಒಂಬತ್ತರವರಿಗೆ ಬಿಟ್ಟುಕೊಡಬೇಕು ಅಂತ ಇನ್ನೊಬ್ಬರು. ನಾನು ಎರಡನೆಯವರ ಕಡೆ. ನಿಮ್ಮ ಮಗನಂಥವರು ನೋಡದೆ ಹೋದರೆ ಇಂಥ ಕಥೆ ಉಳಿಯಲ್ಲ.

ಉಳಿಯೋದಕ್ಕೆ ಬೇರೆ ಲೆಕ್ಕವೂ ಇದೆ. ಎಷ್ಟೋ ಕಾರ್ಟೂನಿಗೆ ಹಣ ಹಾಕೋದು ಬೊಂಬೆ ಕಂಪನಿ. ಪಾ ಪಟ್ರೋಲ್ ಮಾಡಿದ್ದೇ ಕೆನಡಾದ ಒಂದು ಬೊಂಬೆ ಕಂಪನಿ. 2010ರಲ್ಲಿ ಬಂದ, ಹದಿಹರೆಯದ ಸೂಪರ್‌ಹೀರೋಗಳ ಕಾರ್ಟೂನ್ ಯಂಗ್ ಜಸ್ಟಿಸ್ ಎಷ್ಟೇ ಚೆನ್ನಾಗಿದ್ದರೂ 2013ರಲ್ಲಿ ನಿಂತಿತು. ಬೊಂಬೆ ಮಾರಾಟ ಆಗಲಿಲ್ಲ, ಹಣ ಬರಲಿಲ್ಲ ಅಂತ ಅದರ ನಿರ್ಮಾಪಕ ಗ್ರೆಗ್ ವೈಸ್‌ಮನ್ ಆಮೇಲೆ ಹೇಳಿದರು. ಅಭಿಮಾನಿಗಳು ಬಿಡದೆ ಕೇಳಿ ಕೇಳಿ 2019ರಲ್ಲಿ ಮರಳಿ ಬಂತು. ಹಾಗಾಗಿ ಅಂಗಡಿಯಲ್ಲಿ ಚೀಲ, ಡಬ್ಬಿ, ವಾಚು ಎಲ್ಲದರ ಮೇಲೂ ಇರುವ ಮುಖವೇ ಒಳ್ಳೆಯ ಕಾರ್ಟೂನಿನದು ಅಂತ ತಿಳಿಯಬೇಡಿ.

ಮೊಬೈಲ್, ಸ್ಮಾರ್ಟ್ ಟಿವಿಯಲ್ಲಿ ನೋಡುವಾಗ ಮೂಲೆಯಲ್ಲಿ ಬರುವ ಗುರುತು ನೋಡಿ. 2021ರ ನಿಯಮದ ಪ್ರಕಾರ ಯು (ಎಲ್ಲರಿಗೂ), ಯು/ಎ 7+, 13+, 16+ (ಅಂಕಿ ಅಂದರೆ ವಯಸ್ಸು), ಆಮೇಲೆ ಎ (ದೊಡ್ಡವರಿಗೆ ಮಾತ್ರ) ಅಂತ ಇರಬೇಕು. 13+ ಮತ್ತು ಅದರ ಮೇಲಿನದಕ್ಕೆ ಬೀಗ ಹಾಕುವ ಸೌಲಭ್ಯ ಕೊಡಲೇಬೇಕು. ಮಕ್ಕಳದ್ದು ಅಂತ ಬೇರೆ ಪ್ರೊಫೈಲ್ ಮಾಡಿ, ಇಬ್ಬರಿಗೂ ಒಂದೊಂದು.

ಮಂಡ್ಯದ ತಾಯಿ ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಅಜ್ಜಾ, ಇವತ್ತೇ ಅತ್ತೆಯನ್ನು ಕೂರಿಸುತ್ತೇನೆ. ಇನ್ನೊಂದೇ ಪ್ರಶ್ನೆ. ಮಹಾವತಾರ ನರಸಿಂಹ ಕನ್ನಡದಲ್ಲೇ ಇದೆಯಂತಲ್ಲ, ದೇವರ ಕಥೆ, ಇಬ್ಬರಿಗೂ ತೋರಿಸಬಹುದಾ?

ಕುವೆಂಪುನಗರದಿಂದ

ಮಗನಿಗೆ ಖಂಡಿತ ತೋರಿಸಿ. 2025ರ ಜುಲೈನಲ್ಲಿ ಬಂದಾಗ ನಾವು ಥಿಯೇಟರಿನಲ್ಲೇ ನೋಡಿದೆವು. ಅಶ್ವಿನ್ ಕುಮಾರ್ ನಿರ್ದೇಶನ, ನಮ್ಮ ಹೊಂಬಾಳೆಯವರು ಅರ್ಪಿಸಿದ್ದು. ನಮ್ಮವರೂ ಇಷ್ಟು ದೊಡ್ಡದಾಗಿ ಮಾಡಬಲ್ಲರು ಅಂತ ನನಗೆ ತುಂಬಾ ಖುಷಿಯಾಯಿತು. ಆದರೆ ನಾಲ್ಕು ವರ್ಷದವಳಿಗೆ ಈಗಲೇ ಬೇಡ. ದೇವರ ಕಥೆಯಾದರೂ ಕೊನೆಯಲ್ಲಿ ಬರುವುದು ಕಂಬ ಒಡೆದು ಬಂದ ಸಿಂಹ, ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುವುದು. ಅಷ್ಟು ದೊಡ್ಡ ಶಬ್ದದಲ್ಲಿ ಅದನ್ನು ನೋಡಿದರೆ ರಾತ್ರಿ ನಿದ್ದೆ ಮಾಡಲ್ಲ. ನೀವು ಮಂಡ್ಯದಲ್ಲಿದ್ದೀರಿ, ಮೇಲುಕೋಟೆ ಹತ್ತಿರ. ಬೆಟ್ಟ ಹತ್ತಿಸಿ ಯೋಗಾನರಸಿಂಹನನ್ನು ತೋರಿಸಿ, ಪ್ರಹ್ಲಾದನ ಕಥೆಯನ್ನು ನೀವೇ ಬಾಯಲ್ಲಿ ಹೇಳಿ. ಎಲ್ಲಿ ನಿಲ್ಲಿಸಬೇಕು ಅನ್ನೋದು ಆಗ ನಿಮ್ಮ ಕೈಯಲ್ಲಿರುತ್ತದೆ.

ಇದರ ಮುಂದಿನದು ಪರಶುರಾಮನ ಕಥೆ, 2027ಕ್ಕೆ ಅಂತ ಹೇಳಿದ್ದಾರೆ. ಅದೇ ವರ್ಷ ಬ್ಲೂಯಿ ಸಿನಿಮಾ ಕೂಡ ಚಿತ್ರಮಂದಿರಕ್ಕೆ ಬರುತ್ತದೆ ಅಂತ ಪ್ರಕಟವಾಗಿದೆ. ಬ್ಲೂಯಿಗೆ ಇಬ್ಬರನ್ನೂ ಕಣ್ಣುಮುಚ್ಚಿ ಕರೆದುಕೊಂಡು ಹೋಗಿ. ಪರಶುರಾಮನ ಕಥೆಯಲ್ಲಿ ತಾಯಿಯ ತಲೆ ಕಡಿಯುವ ಪ್ರಸಂಗ ಇದೆ. ಅದನ್ನು ಹೇಗೆ ತೋರಿಸಿದ್ದಾರೆ ಅಂತ ಮೊದಲು ನೀವು ನೋಡಿ ಬನ್ನಿ, ಆಮೇಲೆ ಮಗನನ್ನು ಕಳಿಸಿ.